ಚೆನ್ನಾಗಿದ್ದವರನ್ನು ಕೇಳಲಿಲ್ಲ

ನರ್ಸಮ್ಮ ಮತ್ತೆ ಕಾಲೇಜಿಗೆ ಸೇರಿದಾಗ ಅವಳ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಲು ಶುರುವಾಗಿತ್ತು. ಮಗಳು ತನ್ನ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಿಕೊಳ್ಳುವಾಗ ಅಮ್ಮನ ಪುಸ್ತಕಗಳಿಗೂ ಹಾಕಿ, ಚೀಟಿ ಅಂಟಿಸಿ, ಒತ್ತಿ ಬರೆಯಬೇಡ, ಹಿಂದಿನ ಹಾಳೆಗೆ ಅಚ್ಚು ಬೀಳುತ್ತದೆ ಎಂದು ಬುದ್ಧಿ ಹೇಳಿ ಕೊಟ್ಟಳು. ಗಂಡ ಬಸ್ ಕಂಡಕ್ಟರ್. ಅದೇನು ಓದು ಎಂದು ಅವನು ಕೇಳಿದ. ಯಾವ ಕಾಯಿಲೆ ಯಾರಿಗೆ ಬಂತು, ಎಲ್ಲಿ ಬಂತು, ಎಷ್ಟು ಜನಕ್ಕೆ ಬಂತು ಎಂದು ಎಣಿಸಿ ನೋಡುವ ಓದು ಎಂದಳು.

“ನಾನೂ ದಿನಾ ಜನಾನೇ ಎಣಿಸೋದು,” ಎಂದ ಅವನು. “ನನಗೆ ಯಾರೂ ಡಿಗ್ರಿ ಕೊಡಲಿಲ್ಲ.”

ನರ್ಸಮ್ಮ ಎನ್ನುವುದು ಅವಳ ಹೆಸರಲ್ಲ. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ದುಡಿದಿದ್ದರಿಂದ ವಾರ್ಡಿನವರೂ ಬೀದಿಯವರೂ ಕೊನೆಗೆ ನೆಂಟರೂ ಹಾಗೇ ಕರೆದು ಕರೆದು, ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆ ವಾರ್ಡಿಗೆ ಬೇಸಿಗೆ ಬಂತೆಂದರೆ ವಾಂತಿಭೇದಿಯ ಮಕ್ಕಳು. ಅವಳು ನೀರು ಏರಿಸುವಳು, ಮಗುವಿನ ಕಣ್ಣಿಗೆ ಕಳೆ ಬರುವುದು, ತಾಯಿ ಕೈ ಮುಗಿದು ಕರೆದುಕೊಂಡು ಹೋಗುವಳು. ಮುಂದಿನ ತಿಂಗಳು ಅದೇ ತಾಯಿ, ಅದೇ ಮಗು, ಅದೇ ಮಂಚ. ಇವರು ಎಲ್ಲಿಂದ ಬರುತ್ತಾರೆ, ಮತ್ತೆ ಮತ್ತೆ ಯಾಕೆ ಬರುತ್ತಾರೆ ಎಂದು ಒಮ್ಮೆ ಡಾಕ್ಟರನ್ನು ಕೇಳಿದಳು. ಅವರು ಒಳ್ಳೆಯವರೇ. ಬಂದವರನ್ನು ನೋಡುವುದು ನಮ್ಮ ಕೆಲಸ ಸಿಸ್ಟರ್, ಎಲ್ಲಿಂದ ಬಂದರು ಎಂದು ನೋಡುವುದಕ್ಕೆ ಬೇರೆ ಓದೇ ಇದೆ ಎಂದರು. ಬೇರೆ ಓದೇ ಇದೆ ಎನ್ನುವ ಮಾತು ಅವಳ ಕಿವಿಯಲ್ಲಿ ನೀರು ಹೊಕ್ಕ ಹಾಗೆ ಕೂತುಬಿಟ್ಟಿತು. ಮನೆಗೆ ಬಿದ್ದ ಬೆಂಕಿ ಆರಿಸುವವರು ಒಬ್ಬರಾದರೆ, ಕಿಡಿ ಯಾವ ಒಲೆಯಿಂದ ಹಾರಿತು ಎಂದು ಹುಡುಕುವವರು ಇನ್ನೊಬ್ಬರು. ಅವಳಿಗೆ ಒಲೆ ಹುಡುಕಬೇಕಿತ್ತು. ರಜೆ ಹಾಕಿ, ಪ್ರವೇಶ ಪರೀಕ್ಷೆ ಬರೆದು, ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಓದಿಗೆ ಸೇರಿದಳು.

ಮೊದಲ ದಿನದಿಂದಲೇ ಹೆದರಿಕೆ. ರಕ್ತ ಕಂಡು ಮುಖ ತಿರುಗಿಸದವಳು ಲೆಕ್ಕದ ಪಾಠಕ್ಕೆ ಬೆವರಿದಳು. ಕಂಪ್ಯೂಟರಿನ ಮುಂದೆ ಕೂತರೆ ಬೆರಳು ಮರಗಟ್ಟುತ್ತಿದ್ದವು. ಜೊತೆಯವರೆಲ್ಲ ಅವಳ ಮಗಳಿಗೆ ಅಕ್ಕ ಅಣ್ಣಂದಿರಾಗುವ ವಯಸ್ಸಿನವರು. ಮೊದಲು ಆಂಟಿ ಎನ್ನುತ್ತಿದ್ದರು. ಸೂಜಿ ಕಂಡರೆ ಕಂಗಾಲಾಗುವ ಒಬ್ಬನಿಗೆ ಮಾತಾಡಿಸುತ್ತಲೇ ಗೊತ್ತಾಗದ ಹಾಗೆ ಸೂಜಿ ಚುಚ್ಚಿದ ಮೇಲೆ ಅಕ್ಕ ಎಂದರು. ಪಾಠ ಹೇಳುವ ಮೇಡಂ ಗಟ್ಟಿಯಾಗಿ ಮಾತಾಡುವವರಲ್ಲ. ತಪ್ಪು ದೊಡ್ಡದಾದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಕೇಳಿಸಿಕೊಳ್ಳಲು ಮುಂದೆ ಬಾಗಬೇಕಾಗಿ ಬಂತೆಂದರೆ ಗ್ರಹಚಾರ ಕೆಟ್ಟಿತೆಂದು ಎಲ್ಲರಿಗೂ ಗೊತ್ತು.

ಆದರೆ ಆ ಹೆದರಿಕೆಗಳೆಲ್ಲ ಬೆಕ್ಕಿನ ಮರಿಗಳು. ಹುಲಿ ಬಂದದ್ದು ಎರಡನೇ ವರ್ಷದಲ್ಲಿ, ತಂಗಿಯ ಬೀದಿಯಿಂದ.

ತಂಗಿ ಎಂದರೆ ಒಡಹುಟ್ಟಿದವಳು, ಸಾಕಿದ್ದು ಮಗಳ ಹಾಗೆ. ತಾಯಿ ಹೋದಾಗ ಅದಿನ್ನೂ ಅಂಗಳದಲ್ಲಿ ಮಣ್ಣು ತಿನ್ನುವ ಮಗು. ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತದ್ದು ಎಲ್ಲ ಅಕ್ಕನೇ. ಹುಡುಗಿ ಬಾಯಿ ಜೋರು, ಕೈ ಚುರುಕು. ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಬೀದಿಯ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಕಂಡದ್ದೇ ಅಪರೂಪ. ಅತ್ತೆ ಸೊಸೆ ಇಬ್ಬರದೇ ಸಂಸಾರ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಈಗ ಬಸುರಿಯಾಗಿದ್ದಳು. ಐದು ತಿಂಗಳು ತುಂಬಿತ್ತು.

ಆ ಬೇಸಿಗೆ ಅವಳ ಬೀದಿಯಲ್ಲಿ ಕಾಮಾಲೆ ಶುರುವಾಯಿತು. ಮೊದಲು ಗಾರೆ ಕೆಲಸದವನಿಗೆ, ಆಮೇಲೆ ಅವನ ತಮ್ಮನಿಗೆ, ಆಮೇಲೆ ಮೂರು ಮನೆ ಆಚೆಯ ಇಸ್ತ್ರಿ ಅಂಗಡಿಯವನಿಗೆ. ಕಣ್ಣು ಹಳದಿ, ಊಟ ಕಂಡರೆ ವಾಕರಿಕೆ, ಮೈಯಲ್ಲಿ ಕಸುವಿಲ್ಲ. ಇಂಥದ್ದು ಬಂದಾಗ ಕಾಲೇಜಿನವರು ಬೀದಿಗಳನ್ನು ಹಂಚಿಕೊಂಡು ಹೋಗಿ ವಿಚಾರಿಸುವುದು ಓದಿನ ಒಂದು ಭಾಗ. ನರ್ಸಮ್ಮ ತಾನಾಗಿ ಕೇಳಿ ಆ ಬೀದಿಯನ್ನೇ ತೆಗೆದುಕೊಂಡಳು. ಯಾಕೆಂದರೆ ಪಾಠದಲ್ಲಿ ಒಂದು ಮಾತು ಓದಿದ್ದಳು. ಕೊಳಕು ನೀರಿನಿಂದ ಹರಡುವ ಒಂದು ಬಗೆಯ ಕಾಮಾಲೆ ಇದೆ. ಬೇರೆಯವರು ಒಂದು ತಿಂಗಳು ನರಳಿ ಏಳುತ್ತಾರೆ. ದಿನ ತುಂಬುತ್ತಿರುವ ಬಸುರಿಯರಿಗೆ ಬಂದರೆ ಐವರಲ್ಲಿ ಒಬ್ಬಳು ಉಳಿಯದೆ ಹೋಗಬಹುದು. ಪುಸ್ತಕದಲ್ಲಿ ಅದು ಒಂದೇ ಒಂದು ಸಾಲು. ತಂಗಿಯ ವಿಷಯದಲ್ಲಿ ಐದರಲ್ಲಿ ಒಂದು ಎಂಬುದೇ ಇಲ್ಲ. ಉಳಿದರೆ ಇಡಿಯಾಗಿ ಉಳಿಯುತ್ತಾಳೆ, ಹೋದರೆ ಇಡಿಯಾಗಿ ಹೋಗುತ್ತಾಳೆ.

ಕಾಯಿಲೆ ಬಿದ್ದವರ ಮನೆ ಮನೆಗೂ ಹೋದಳು. ಮಂಚದ ಪಕ್ಕ ಕೂತು ಕೈ ಹಿಡಿದು ಕೇಳಿದಳು: ಎಲ್ಲಿ ಉಂಡಿರಿ, ಏನು ಕುಡಿದಿರಿ, ಎಲ್ಲಿಗೆ ಹೋಗಿದ್ದಿರಿ. ಇದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಾಯಿಲೆಯವರು ತಾಯಿಗೆ ಹೇಳಿಕೊಂಡ ಹಾಗೆ ಹೇಳಿಕೊಂಡರು. ಒಬ್ಬರಾದ ಮೇಲೆ ಒಬ್ಬರು ಅದೇ ಮಾತು: ಬೀದಿ ಮೂಲೆಯ ಗಾಡಿಯಲ್ಲಿ ನಿಂಬೆ ಶರಬತ್ತು ಕುಡಿದಿದ್ದೆವು. ಗಾಡಿಯವನು ಒಬ್ಬ ಮುದುಕ, ಶರಬತ್ತಜ್ಜ ಎಂದೇ ಎಲ್ಲರೂ ಕರೆಯುತ್ತಿದ್ದರು. ಗಾಜಿನ ಭರಣಿಗಳಲ್ಲಿ ನಿಂಬೆಹಣ್ಣು, ಒದ್ದೆ ಗೋಣಿಯಲ್ಲಿ ಸುತ್ತಿದ ಐಸು, ಒಂದೇ ಬಕೆಟ್ಟಿನಲ್ಲಿ ಅದ್ದಿ ತೊಳೆಯುವ ಲೋಟಗಳು. ನರ್ಸಮ್ಮ ಆ ಬಕೆಟ್ಟನ್ನು ನೋಡಿದಳು. ಇನ್ನೇನು ಬೇಕು?

ಕಾಲೇಜಿಗೆ ಹೋಗಿ ಹೇಳುವುದಕ್ಕೆ ಮೊದಲೇ ತಂಗಿಯ ಮನೆಗೆ ಓಡಿದಳು. ಆ ಶರಬತ್ತು ಮುಟ್ಟಬೇಡ, ಹುಳಿ ಬೇಕೆನಿಸಿದರೆ ಮನೆಯಲ್ಲೇ ಮಾಡಿಕೊಂಡು ಕುಡಿ ಎಂದಳು. ಬಸುರಿ ಬಯಕೆಗೆ ದಿನಾ ಎರಡು ಲೋಟ ಕುಡಿಯುತ್ತಿದ್ದ ತಂಗಿ ಮುಖ ಊದಿಸಿದಳು, ಆದರೆ ಅಕ್ಕನ ಮಾತು ಮೀರಲಿಲ್ಲ. ಒಳಗಿದ್ದ ಅತ್ತೆ ಕೇಳಿಸಿಕೊಂಡರು. ಸಂಜೆಯೊಳಗೆ ನಾಲ್ಕು ಮನೆಗೆ ಹೇಳಿದರು, ಅದೂ ಕಾಲೇಜಿನವರೇ ಕಂಡುಹಿಡಿದಿದ್ದಾರೆ ಎಂದು ಸೇರಿಸಿ. ಎರಡೇ ದಿನದಲ್ಲಿ ಗಾರೆ ಕೆಲಸದವನ ಕಡೆಯವರು ಹೋಗಿ ಗಾಡಿ ಉರುಳಿಸಿದರು. ಭರಣಿಗಳು ಒಡೆದು ನಿಂಬೆಹಣ್ಣು ಚರಂಡಿಯವರೆಗೆ ಉರುಳಿದವಂತೆ. ಅಜ್ಜ ಆಮೇಲೆ ಮೂಲೆಗೆ ಬರಲಿಲ್ಲ. ಗಾಡಿ ಹೋಯಿತಲ್ಲ, ಇನ್ನು ಇಳಿಯುತ್ತದೆ ಎಂದು ಆರೋಗ್ಯದ ಕಚೇರಿಯವರೂ ಸುಮ್ಮನಾದರು. ಹೊಸದಾಗಿ ಒಬ್ಬಿಬ್ಬರಿಗೆ ಬರುತ್ತಲೇ ಇತ್ತು. ಈ ಕಾಮಾಲೆ ಮೈ ಹೊಕ್ಕು ಕಣ್ಣಿಗೆ ಕಾಣಿಸಿಕೊಳ್ಳಲು ಎರಡು ವಾರದಿಂದ ಎರಡು ತಿಂಗಳವರೆಗೂ ಬೇಕಾಗುತ್ತದೆ, ಇವರೆಲ್ಲ ಮೊದಲೇ ಕುಡಿದವರು ಎಂದು ಸಮಾಧಾನ ಹೇಳಿಕೊಂಡರು. ನರ್ಸಮ್ಮನೂ ಹೇಳಿಕೊಂಡಳು. ನಡುವೆ ಪರೀಕ್ಷೆ ಬಂತು. ಒಂದು ತಿಂಗಳು ಹಾಗೇ ಹೋಯಿತು.

ಪರೀಕ್ಷೆ ಮುಗಿದ ಮೇಲೆ ಅವಳು ತರಗತಿಯ ಮುಂದೆ ನಿಂತು ತನ್ನ ಕೆಲಸ ಒಪ್ಪಿಸಿದಳು. ಕಾಮಾಲೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಶರಬತ್ತು ಕುಡಿದವರು ಎಂದು ಗೋಡೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿದಳು. ಜೊತೆಯವರು ಚಪ್ಪಾಳೆ ತಟ್ಟಿದರು. ಮೇಡಂ ತಟ್ಟಲಿಲ್ಲ.

“ಕಾಮಾಲೆ ಬಾರದೆ ಇರೋರು?” ಎಂದರು. “ಅವರಲ್ಲಿ ಎಷ್ಟು ಜನ ಕುಡಿದಿದಾರೆ?”

ನರ್ಸಮ್ಮ ತನ್ನ ಹಾಳೆಗಳನ್ನು ತಿರುವಿದಳು. ಅಂಥವರದು ಒಂದು ಹೆಸರೂ ಇರಲಿಲ್ಲ.

“ಕಾಮಾಲೆ ಬಂದವರೆಲ್ಲ ಚಪ್ಪಲಿನೂ ಹಾಕಿರ್ತಾರೆ,” ಎಂದರು ಮೇಡಂ. ನರ್ಸಮ್ಮ ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಅವಳಿಗೆ ಗೊತ್ತಿಲ್ಲದ ಪಾಠವಲ್ಲ. ಮೊದಲ ವರ್ಷವೇ ಓದಿ, ಉತ್ತರ ಬರೆದು, ಒಳ್ಳೆಯ ಅಂಕ ತೆಗೆದಿದ್ದಳು: ಕಾಯಿಲೆಯವರನ್ನು ಕೇಳಿದ್ದನ್ನೆಲ್ಲ ಕಾಯಿಲೆಯಿಲ್ಲದ ನೆರೆಯವರನ್ನೂ ಕೇಳಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆದರೆ ಕೈ ಮಾಡಿದ್ದು ವಾರ್ಡಿನ ರೂಢಿಯನ್ನು. ಅಷ್ಟು ವರ್ಷದ ಕೆಲಸದಲ್ಲಿ ಚೆನ್ನಾಗಿರುವ ಒಬ್ಬರನ್ನೂ ಅವಳು ಮಾತಾಡಿಸಿರಲಿಲ್ಲ. ಮಂಚದ ಮೇಲೆ ಮಲಗಿದವರು ಅವಳವರು, ಬಾಗಿಲಲ್ಲಿ ನಿಂತವರು ದಾರಿಗೆ ಅಡ್ಡ. ಕಾಳು ಆರಿಸುವಾಗ ಕಣ್ಣು ಕಲ್ಲನ್ನೇ ಹುಡುಕುತ್ತದೆ, ಕಾಳನ್ನು ಯಾರು ನೋಡುತ್ತಾರೆ? ಬೀದಿಯಲ್ಲೂ ಹಾಗೇ ಆಗಿತ್ತು. ನಗುತ್ತಾ ಎದುರು ಬಂದವರನ್ನು ಪಕ್ಕಕ್ಕೆ ಸರಿಸಿ, ನರಳುವ ಸದ್ದು ಬಂದ ಮನೆಗಳಿಗೆ ನುಗ್ಗಿದ್ದಳು. ಅದಕ್ಕಿಂತ ಹೆಚ್ಚಾಗಿ, ತಂಗಿಯ ಮೇಲಿನ ಭಯ ಬೆನ್ನಿಗೆ ಬಿದ್ದು ಓಡಿಸಿತ್ತು. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ!

ಮರುದಿನ ಬೆಳಿಗ್ಗೆಯೇ ಕಾಯಿಲೆಯಿಲ್ಲದ ಮನೆಗಳ ಬಾಗಿಲು ತಟ್ಟಿದಳು. ಸೂಜಿಗೆ ಹೆದರುವ ಆ ಹುಡುಗ ಜೊತೆಗೆ ಬಂದಿದ್ದ. ಚೆನ್ನಾಗಿರುವವರನ್ನು ಮಾತಾಡಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಅವರಿಗೆ ಪುರುಸೊತ್ತಿಲ್ಲ, ಅನುಮಾನ ಬೇರೆ.

“ನಾವು ಗುಂಡುಕಲ್ಲಿನ ಹಾಗಿದೀವಲ್ಲ ನರ್ಸಮ್ಮ,” ಎಂದಳು ಒಬ್ಬಾಕೆ, ಬಾಗಿಲಿಗೆ ಅಡ್ಡವಾಗಿ ನಿಂತು. “ನಮ್ಮನ್ನ ಯಾಕೆ ಕೇಳ್ತೀರಾ? ಇನ್ನೂ ಬಂದಿಲ್ಲ, ಬರಲಿ ಅಂತಾನಾ?”

ಆದರೂ ಕೇಳಿದಳು. ಶರಬತ್ತು ಕುಡಿದಿದ್ದಿರಾ? ಕುಡಿಯದೆ ಏನು, ಇಂಥ ಬಿಸಿಲಿನಲ್ಲಿ. ನೀವು? ದಿನಾ. ನಿಮ್ಮ ಮನೆಯಲ್ಲಿ? ಎಲ್ಲರೂ. ಕಾಯಿಲೆಯವರು ಎಷ್ಟು ಕುಡಿದಿದ್ದರೋ ಚೆನ್ನಾಗಿದ್ದವರೂ ಅಷ್ಟೇ ಕುಡಿದಿದ್ದರು. ಬೀದಿಗೆ ಬೀದಿಯೇ ಕುಡಿದಿತ್ತು. ಅಜ್ಜನದು ಏನೂ ತಪ್ಪಿರಲಿಲ್ಲ. ಹಾಗಾದರೆ ಇನ್ನಾವುದು?

ತೋರಿಸಿದ್ದು ಆ ಹುಡುಗ, ಅವನಿಗೂ ಗೊತ್ತಿಲ್ಲದೆ. ಬಿಸಿಲು ತಡೆಯಲಾರದೆ ಬೀದಿಯ ಒಂದು ಪಕ್ಕಕ್ಕೆ ಬಂದು, “ಅಕ್ಕ, ಈ ಸಾಲಲ್ಲಿ ಎಲ್ಲಾ ಮನೇಲೂ ಬಾಗಿಲು ತೆಗೀತಾರೆ, ಆ ಸಾಲಲ್ಲಿ ಎಲ್ಲಾ ಮಲಗಿರ್ತಾರೆ,” ಎಂದು ಗೊಣಗಿದ. ನರ್ಸಮ್ಮ ಬೀದಿಯ ನಡುವೆ ನಿಂತಳು. ಎಡಗಡೆಯ ಸಾಲು ಚರಂಡಿಗೆ ಬೆನ್ನು ಕೊಟ್ಟದ್ದು. ಬಲಗಡೆಯದು ರಸ್ತೆಯ ಕಡೆಯದು. ಕಾಯಿಲೆಯ ಮನೆಗಳನ್ನು ಒಂದೊಂದಾಗಿ ಬೆರಳು ಮಡಿಸಿ ನೆನೆಸಿಕೊಂಡಳು. ಎಲ್ಲವೂ ಚರಂಡಿಯ ಸಾಲು. ನೀರು ಬಿಡುವವನನ್ನು ಕರೆಸಿ ಕೇಳಿದರೆ, ಎರಡು ಸಾಲಿಗೂ ಬೇರೆ ಬೇರೆ ಪೈಪು ಎಂದ. ರಸ್ತೆ ಕಡೆಯದು ಹೊಸದು, ಚರಂಡಿ ಕಡೆಯದು ಹಳೆಯದು. ಅದು ಚರಂಡಿಯನ್ನು ದಾಟಿಕೊಂಡೇ ಬರುತ್ತಿತ್ತು.

ತಂಗಿಯ ಮನೆ ಚರಂಡಿಯ ಸಾಲಿನಲ್ಲಿತ್ತು.

ಅವಳು ನೆಟ್ಟಗೆ ಅಲ್ಲಿಗೆ ನಡೆದಳು. ತಂಗಿ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಬಿಂದಿಗೆಯಿಂದ ಬಗ್ಗಿಸಿದ ನೀರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಪಕ್ಕದಲ್ಲಿ ಆಗಲೇ ಕುಡಿದು ಮುಗಿಸಿದ ಒಂದು ಲೋಟ.

“ಬಾ ಅಕ್ಕ. ನೀನು ಹೇಳಿದ ಮೇಲೆ ಇದೇ ನನ್ನ ಕಾಫಿ, ಇದೇ ನನ್ನ ಟೀ,” ಎಂದಳು. “ಅಜ್ಜನ ಶರಬತ್ತಿನಷ್ಟು ಚೆನ್ನಾಗಿಲ್ಲ. ಅವನ ಕೈಕೊಳೆ ಇದರಲ್ಲಿ ಇಲ್ಲವಲ್ಲ, ಅದಕ್ಕೇ ರುಚಿ ಇಲ್ಲ.”

ಅಜ್ಜ ಶರಬತ್ತಿಗೆ ನೀರು ತರುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಕೊಳವೆ ಬಾವಿಯಿಂದ ಎಂದು ಆ ಬೆಳಿಗ್ಗೆಯೇ ಕೇಳಿದ್ದಳು. ಒಳ್ಳೆಯ ನೀರು. ಆ ಒಳ್ಳೆಯ ನೀರನ್ನು ಬಿಡಿಸಿ, ತಂಗಿಗೆ ಒಂದು ತಿಂಗಳಿನಿಂದ ಕೆಟ್ಟ ನೀರನ್ನು ಲೋಟದ ಮೇಲೆ ಲೋಟ ಕುಡಿಸಿದ್ದು ತಾನು. ನರ್ಸಮ್ಮನ ಕೈ ಮುಂದೆ ಹೋಗಿ ಲೋಟವನ್ನು ಬಚ್ಚಲಿಗೆ ಚೆಲ್ಲಿತು. ಇನ್ನು ಮೇಲೆ ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ಕುಡಿಯಬೇಡ ಎಂದಳು. ಯಾಕೆ ಎಂದರೆ, ಬಸುರಿಯರು ಹಾಗೇ ಮಾಡಬೇಕು ಎಂದಳು. ಅತ್ತೆ ಒಳಗಿನಿಂದ, ಈ ಮನೆಗೆ ಬಂದಾಗಿನಿಂದ ಇದೇ ನೀರು ಕುಡಿದಿದ್ದೇನೆ, ನನಗೇನು ಬಂದಿದೆ, ಗ್ಯಾಸ್ ಏನು ನಲ್ಲಿಯಲ್ಲಿ ಬರುತ್ತದೆಯೇ ಎಂದು ಗೊಣಗಿದರು. ನರ್ಸಮ್ಮ ಮೇಡಂಗೆ ಫೋನು ಮಾಡಲು ಹೊರಗೆ ಬಂದಳು.

ಮೂರನೇ ದಿನ ಚರಂಡಿಯ ಹತ್ತಿರ ನೆಲ ಅಗೆದರು. ಪೈಪಿನ ಕೀಲು ಬಿಟ್ಟುಕೊಂಡು, ನೀರು ನಿಂತ ಹೊತ್ತಿನಲ್ಲಿ ಚರಂಡಿಯದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನಾತಕ್ಕೆ ಅಗೆಯುವವರೇ ಮೂಗು ಮುಚ್ಚಿಕೊಂಡರು. ಪೈಪು ಸರಿಯಾಗುವವರೆಗೆ ಟ್ಯಾಂಕರಿನಲ್ಲಿ ನೀರು ತಂದರು. ಮೇಡಂ ಎಲ್ಲರ ಮುಂದೆ ನರ್ಸಮ್ಮನ ಹೆಗಲು ಮುಟ್ಟಿ, ಒಳ್ಳೆಯ ಕೆಲಸ ಎಂದರು, ಕೇಳಿಸುವ ಹಾಗೆ. ಅವಳಿಗೆ ಅದು ಯಾರಿಗೋ ಹೇಳಿದ ಹಾಗೆ ಕೇಳಿಸಿತು. ಮೈ ಹೊಕ್ಕದ್ದು ಹೊಕ್ಕಾಗಿದೆಯೋ ಇಲ್ಲವೋ, ಅದನ್ನು ಯಾವ ನೆಲ ಅಗೆದು ನೋಡುವುದು?

ಕಾಯುವುದು ಶುರುವಾಯಿತು. ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ತಂಗಿಯ ಮನೆಗೆ ಬಂದು, ಏನೋ ನೆಪ ಹೇಳಿ ಅವಳನ್ನು ಬೆಳಕಿಗೆ ಕರೆದು ಕಣ್ಣು ನೋಡುವಳು. ಒಂದು ದಿನ ಕುಂಕುಮದ ಬಣ್ಣ, ಒಂದು ದಿನ ರೆಪ್ಪೆಯಲ್ಲಿ ಕಸ. ಕಣ್ಣು ಬೆಳ್ಳಗಿದ್ದರೆ ಆ ಒಂದು ದಿನಕ್ಕೆ ಉಸಿರು. ಬಾಗಿಲು ದಾಟುವಷ್ಟರಲ್ಲಿ ನಾಳೆಯ ಭಯ. ತರಗತಿಯಲ್ಲಿ ಹಲಗೆಯ ಮೇಲಿನ ಅಂಕೆಗಳೆಲ್ಲ ಐದರಲ್ಲಿ ಒಂದಾಗಿ ಕಾಣುತ್ತಿದ್ದವು. ಗಂಡ ಏನಾಯಿತೆಂದು ಕೇಳಿದರೆ ಪರೀಕ್ಷೆಯ ಚಿಂತೆ ಎಂದಳು. ಅವನು ಪರೀಕ್ಷೆ ಮುಗಿದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿ ಸುಮ್ಮನಾದ.

ಈ ನಡುವೆ ಇನ್ನೊಂದು ಋಣವಿತ್ತು. ಶರಬತ್ತಜ್ಜನ ಮನೆ ಹುಡುಕಿಕೊಂಡು ಹೋದಳು. ಒಂದು ಕೋಣೆ, ಮೂಲೆಯಲ್ಲಿ ಚಕ್ರ ಸೊಟ್ಟಗಾದ ಗಾಡಿ. ಅವನು ಕೂರು ಎನ್ನಲಿಲ್ಲ. ಅವಳು ನಿಂತೇ ಎಲ್ಲವನ್ನೂ ಹೇಳಿದಳು, ತಪ್ಪಾಯಿತು ಎಂದಳು. ಅಜ್ಜ ಅವಳ ಕಾಲಿನ ಚಪ್ಪಲಿ ನೋಡಿದ.

“ಹೇಳಿದ್ದು ಬೀದಿಯಲ್ಲಿ,” ಎಂದ. “ತಪ್ಪಾಯ್ತು ಅನ್ನೋದು ಮನೆಯೊಳಗೇನಮ್ಮ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಒಡೆದವರೇ ಚೂರು ಆಯಬೇಕು. ಮರುದಿನ ಟ್ಯಾಂಕರು ಬರುವ ಹೊತ್ತಿಗೆ ಬೀದಿಗೆ ಹೋದಳು. ಕೊಡಗಳ ಸಾಲು, ಹೆಂಗಸರ ಗಲಾಟೆ. “ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ, ಬಂದಳು ನೋಡಿ ನರ್ಸಮ್ಮ,” ಎಂದಳು ಬಾಗಿಲಿಗೆ ಅಡ್ಡ ನಿಂತಿದ್ದ ಆ ಹೆಂಗಸು. ಎಲ್ಲರೂ ನಕ್ಕರು. ಗಾರೆ ಕೆಲಸದವನ ತಮ್ಮ ಸೊರಗಿದ ಮುಖ ಹೊತ್ತು ಅಲ್ಲೇ ಇದ್ದ. ಅವನನ್ನು ಕಂಡೇ ಅವಳಿಗೆ ಹೆಚ್ಚು ಭಯ. ಗಾಡಿ ಉರುಳಿಸಿದ ಕೈ ತನ್ನ ಮೇಲೂ ಬೀಳಬಹುದು. ಸೆರಗಿನೊಳಗೆ ಮುಷ್ಟಿ ಕಟ್ಟಿಕೊಂಡು ಹೇಳಿದಳು: ಅಜ್ಜನ ಶರಬತ್ತಿನಿಂದ ಕಾಮಾಲೆ ಬಂದಿಲ್ಲ. ನಾನು ಕಾಯಿಲೆಯವರನ್ನು ಮಾತ್ರ ಕೇಳಿ, ಚೆನ್ನಾಗಿದ್ದವರನ್ನು ಕೇಳದೆ ಮಾತಾಡಿಬಿಟ್ಟೆ. ಬಂದದ್ದು ಪೈಪಿನ ನೀರಿನಿಂದ. ತಪ್ಪು ನನ್ನದು. ಯಾರೂ ಹೊಡೆಯಲಿಲ್ಲ. ಗಾರೆ ಕೆಲಸದವನ ತಮ್ಮ ಉಗಿದು, ಕೊಡ ಎತ್ತಿಕೊಂಡು ಹೋದ. ಅದು ಯಾರ ಮೇಲಿನ ಉಗುಳೋ ತಿಳಿಯಲಿಲ್ಲ.

ಸಾಲಿನಲ್ಲಿ ತಂಗಿಯ ಅತ್ತೆಯೂ ಇದ್ದರು. ನರ್ಸಮ್ಮ ತಂಗಿಯ ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ಮುಂಚೆಯೇ ತಲುಪಿತ್ತು. ಹೊಲಿಗೆ ಯಂತ್ರ ನಿಂತಿತ್ತು. ತಂಗಿ ತಲೆ ಎತ್ತಲಿಲ್ಲ.

“ಬೀದಿಗೆಲ್ಲ ಹೇಳಿದೆಯಂತೆ.”

ನರ್ಸಮ್ಮ ಹೊಸ್ತಿಲಲ್ಲೇ ನಿಂತಳು.

“ನಾನು ಬೀದಿಗಿಂತ ದೂರದೋಳಾ ಅಕ್ಕ? ದಿನಾ ಬಂದು ಕಣ್ಣು ನೋಡ್ತಿದ್ದೆಯಲ್ಲ. ನಾನು, ಅಕ್ಕನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂದ್ಕೊಂಡಿದ್ದೆ.”

“ನಿನಗೆ ಭಯ ಆಗುತ್ತೆ ಅಂತ...”

“ಈಗ ಆಗ್ತಿಲ್ವಾ?” ತಂಗಿ ದಾರ ಕಡಿದಳು. “ನನಗೆ ಬರುತ್ತಾ?”

“ಗೊತ್ತಿಲ್ಲ.”

“ಬಂದರೆ?”

ನರ್ಸಮ್ಮ ಪುಸ್ತಕದ ಆ ಸಾಲನ್ನು ಹೇಳಿದಳು. ಸುತ್ತಿ ಬಳಸಿ ಹೇಳಲು ಬಾಯಿ ತಿರುಗಲಿಲ್ಲ. ತಂಗಿ ಕೇಳಿಸಿಕೊಂಡು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಯಂತ್ರ ತುಳಿಯಲು ಶುರುಮಾಡಿದಳು. ಅಕ್ಕನನ್ನು ಒಳಗೆ ಬಾ ಎನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಕ್ಕ ಬರುವ ಹೊತ್ತಿಗೆ ತಾನೇ ಬಾಗಿಲ ಬೆಳಕಿನಲ್ಲಿ ಬಂದು ನಿಂತಿದ್ದಳು, ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದುಕೊಂಡು. ಹಾಗೆ ದಿನಾ ನಡೆಯಿತು.

ಎಂಟನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ತಂಗಿ ಬಾಗಿಲಿಗೆ ಬರಲಿಲ್ಲ. ಅತ್ತೆ ಹೊರಗೆ ಬಂದು, ನಿನ್ನೆಯಿಂದ ತುತ್ತು ಮುಟ್ಟಿಲ್ಲ, ಬರೀ ವಾಂತಿ ಎಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ. ನರ್ಸಮ್ಮ ಒಳಗೆ ಹೋಗಿ ಕಿಟಕಿ ತೆರೆದಳು. ಬೆಳಕು ಬಿದ್ದ ಕಣ್ಣು ಅರಿಸಿನದ ನೀರಿನ ಹಾಗಿತ್ತು.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸೇರಿಸಿದರು. ಅವಳಿಂದಲೇ ಕೆಲಸ ಕಲಿತ ಹುಡುಗಿಯರು ಓಡಾಡಿ ಮಂಚ ಕೊಟ್ಟರು, ರಕ್ತ ತೆಗೆದರು. ಅದೇ ಕಾಮಾಲೆ. ಬೀದಿಯಲ್ಲಿ ಹೊಸದಾಗಿ ಯಾರಿಗೆ ಬಂದರೂ ಕಾಲೇಜಿನವರು ಬಂದು ವಿಚಾರಿಸಿ ಬರೆದುಕೊಳ್ಳಬೇಕು. ಮೇಡಂ ಸೂಜಿಗೆ ಹೆದರುವ ಆ ಹುಡುಗನನ್ನು ಕಳಿಸಿದ್ದರು. ಅಕ್ಕನೇ ಕೇಳುವುದು ಸರಿಯಲ್ಲ ಎಂದು. ತಂಗಿ ಕಣ್ಣು ಮುಚ್ಚಿಕೊಂಡೇ ಬೇಡವೆಂದು ತಲೆಯಾಡಿಸಿದಳು.

“ಬೀದಿಗೆಲ್ಲ ಅವಳೇ ಕೇಳಿದಾಳೆ. ನನ್ನನ್ನೂ ಅವಳೇ ಕೇಳಲಿ.”

ನರ್ಸಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದಳು. ವಯಸ್ಸು. ಎಷ್ಟು ತಿಂಗಳು. ಯಾವ ಸಾಲಿನ ಮನೆ. ಬೇರೆಯವರನ್ನು ಕೇಳಿದ ಅದೇ ಮಾತು, ಅದೇ ಕ್ರಮ. ಒಂದು ಪ್ರಶ್ನೆಯ ಹತ್ತಿರ ನಿಂತಳು. ಹುಡುಗ ಮೆಲ್ಲಗೆ, ಬಿಡಿ ಅಕ್ಕ ಎಂದ. ಅವಳು ಬಿಡಲಿಲ್ಲ.

“ಕಳೆದ ಎರಡು ತಿಂಗಳಲ್ಲಿ ಗಾಡಿ ಶರಬತ್ತು ಕುಡಿದಿದ್ದೀರಾ?”

“ಇಲ್ಲ,” ಎಂದಳು ತಂಗಿ. “ನಮ್ಮಕ್ಕ ಬೇಡ ಅಂದಿದ್ದಳು.”

ನರ್ಸಮ್ಮ ಇಲ್ಲ ಎಂದು ಬರೆದಳು. ಇಡೀ ಬೀದಿಯಲ್ಲಿ ಶರಬತ್ತು ಮುಟ್ಟದೆ ಕಾಯಿಲೆ ಬಿದ್ದವರು ಕೆಲವೇ ಕೆಲವರು. ಅಜ್ಜನ ಮೇಲಿನ ಅಪವಾದ ಪೂರಾ ಕಳೆಯಲು ಬೇಕಾಗಿದ್ದ ಸಾಕ್ಷಿಗಳಲ್ಲಿ ಇದೂ ಒಂದು. ಎಂಥ ಸಾಕ್ಷಿ!

ಸಂಜೆಗೆ ತಂಗಿಯ ಮಾತು ತೊದಲತೊಡಗಿತು. ಅತ್ತೆಯನ್ನು ಅಮ್ಮ ಎಂದಳು. ತೀರಿಹೋದ ತಾಯಿಯನ್ನು ಕರೆದಳು. ಪಿತ್ತಜನಕಾಂಗ ಸೋತರೆ ಅದರ ಮಬ್ಬು ತಲೆಗೇರುತ್ತದೆ ಎಂದು ನರ್ಸಮ್ಮನಿಗೆ ಗೊತ್ತು. ಅಲ್ಲಿಂದ ಮುಂದಿನದ್ದೂ ಗೊತ್ತು. ಗೊತ್ತಿರುವುದೇ ದೊಡ್ಡ ಶಿಕ್ಷೆ. ಅತ್ತೆಗೆ ಗೊತ್ತಿಲ್ಲ, ಅವರು ದೇವರ ಹೆಸರು ಹೇಳುತ್ತಾ ಸೊಸೆಯ ಕಾಲು ಒತ್ತುತ್ತಿದ್ದರು. ನೋವು ತಿಂಗಳಿಗೆ ಮುಂಚೆಯೇ ಶುರುವಾಯಿತು. ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿದರು. ಅಷ್ಟು ವರ್ಷ ಆ ಆಸ್ಪತ್ರೆಯ ಬಾಗಿಲುಗಳ ಒಳಗೇ ಇದ್ದವಳು ಮೊದಲ ಸಲ ಹೊರಗಿನ ಬೆಂಚಿನ ಮೇಲೆ ಕೂತಳು. ಅಲ್ಲಿ ಕೂತವರು ನೆಲದ ಹಾಸುಗಲ್ಲುಗಳನ್ನು ಯಾಕೆ ಹಾಗೆ ನೋಡುತ್ತಾರೆ ಎಂದು ಅವಳಿಗೆ ಆಗ ತಿಳಿಯಿತು. ಬೇರೆ ಎಲ್ಲಿ ನೋಡಿದರೂ ಬಾಗಿಲು ಕಾಣುತ್ತಿತ್ತು.

ಮಗು ಹೆಣ್ಣು. ಅಂಗೈಯಲ್ಲಿ ಹಿಡಿಸುವಂತಿತ್ತು, ಆದರೆ ಅತ್ತಿತು. ತಾಯಿ ಅಳಲೂ ಇಲ್ಲ, ಕಣ್ಣು ತೆರೆಯಲೂ ಇಲ್ಲ. ರಕ್ತ ಬೇಗ ನಿಲ್ಲಲಿಲ್ಲ. ಲಾರಿ ಗಂಡ ಎಲ್ಲಿಂದಲೋ ಬಂದು, ಧೂಳಿನ ಅಂಗಿಯಲ್ಲೇ ರಕ್ತ ಕೊಟ್ಟು, ಬೆಂಚಿನ ಮೇಲೆ ನರ್ಸಮ್ಮನ ಪಕ್ಕ ಕೂತ. ಅವನಿಗೂ ಹೇಳಬೇಕಾಗಿತ್ತು; ನರ್ಸಮ್ಮ ಹೇಳಿದಳು. ಅವನು ಅವಳ ಪಕ್ಕದಿಂದ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತ. ಅತ್ತೆಯೇ ನಡುವೆ ಬಂದು ಕೂತರು.

ಮೂರನೆಯ ದಿನ ಬೆಳಕು ಹರಿದ ಮೇಲೆ ಒಳಗಿನ ಹುಡುಗಿ ಬಾಗಿಲಿಗೆ ಬಂದು ಕೈಸನ್ನೆ ಮಾಡಿದಳು. ಯಾವ ಸುದ್ದಿಯ ಸನ್ನೆ ಎಂದು ನೋಡಲು ನರ್ಸಮ್ಮನಿಗೆ ಧೈರ್ಯ ಬರಲಿಲ್ಲ; ನೆಲ ನೋಡುತ್ತಲೇ ಒಳಗೆ ಹೋದಳು. ತಂಗಿಯ ಕಣ್ಣು ತೆರೆದಿತ್ತು. ಹಳದಿ ಇನ್ನೂ ಹೋಗಿರಲಿಲ್ಲ, ಆದರೆ ಆ ಹಳದಿಯ ನಡುವಿನಿಂದ ನೋಡುತ್ತಿದ್ದವಳು ತಂಗಿಯೇ. ತುಟಿ ಒಡೆದಿತ್ತು. ಮಗು ಎಂದಳು. ಚೆನ್ನಾಗಿದೆ, ನಿನ್ನ ಹಾಗೇ ಬಾಯಿ ಜೋರು ಎಂದಳು ಅಕ್ಕ. ತಂಗಿ ನೀರು ಎಂದಳು.

ನರ್ಸಮ್ಮ ಲೋಟಕ್ಕೆ ನೀರು ಬಗ್ಗಿಸಿದಳು. ಚಮಚದಲ್ಲಿ ತೆಗೆದುಕೊಂಡಳು. ತುಟಿಯ ಹತ್ತಿರ ತಂದಾಗ ತಂಗಿ ಬಾಯಿ ಬಿಗಿದಳು.

“ಮೊದಲು ನೀನು ಕುಡಿ,” ಎಂದಳು.

ನರ್ಸಮ್ಮ ಅವಳ ಮುಖ ನೋಡಿದಳು. ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ, ಅಷ್ಟು ಬಡವಾಗಿತ್ತು ಮುಖ. ಒಂದು ಚಮಚ ಕುಡಿದಳು. ತಂಗಿ ನೋಡುತ್ತಿದ್ದಳು. ಇನ್ನೊಂದು ಕುಡಿದಳು. ಆಮೇಲೆ ತಂಗಿ ಬಾಯಿ ತೆರೆದಳು.